ಹೊಗೆ ಹರಿದ ಮಧ್ಯಾಹ್ನ

ಶತ್ರುಗಳ ಡ್ರೋನಿಗೆ ಮನುಷ್ಯರು ಕಾಣಬಾರದೆಂದು ಸೈನ್ಯದವರು ಯಂತ್ರವಿಟ್ಟು ಊರಿನ ಮೇಲೆ ಹೊಗೆ ಹೊದಿಸಿ ಒಂಬತ್ತು ವರ್ಷವಾಗಿತ್ತು. ಚಾಚಿದ ಕೈ ಕಾಣದ ಬೀದಿಗಳಲ್ಲಿ ಮನೆಗೊಂದು ಗಂಟೆ. ಒಂದರ ನಾದ ಇನ್ನೊಂದಕ್ಕಿಲ್ಲ. ಅದನ್ನು ಕೇಳಿಯೇ ಎಲ್ಲರ ಓಡಾಟ. ಹೆರಿಗೆ ನೋವು ಬಂದ ಮನೆಯಲ್ಲಂತೂ ಸೂಲಗಿತ್ತಿ ಹೊಸ್ತಿಲು ತುಳಿಯುವವರೆಗೆ ಗಂಟೆ ನಿಲ್ಲಿಸುವಂತಿರಲಿಲ್ಲ.

ಅಂದು ಕಮ್ಮಾರ ಈರಪ್ಪನ ಮನೆಯ ಗಂಟೆ ಒಂದೇ ಸಮನೆ ಬಡಿದುಕೊಳ್ಳತೊಡಗಿತು. ಸೂಲಗಿತ್ತಿ ದ್ಯಾಮವ್ವ ಅರ್ಧ ದಾರಿ ಬಂದಿದ್ದಳು, ಅಷ್ಟರಲ್ಲಿ ಹೊಗೆಯಂತ್ರ ಕೆಟ್ಟಿತು. ಹೊಗೆ ಹರಿದು ಬೀದಿಗೆ ಬಿಸಿಲು ಬಿತ್ತು. ಕೂಡಲೇ ಗಂಟೆಯೂ ನಿಂತಿತು.

ಸುತ್ತ ಹೊಗೆ ಬಂದ ಮೇಲೆ ಕಟ್ಟಿದ, ಒಂದೇ ತರಹದ ಬೂದು ಗೋಡೆಗಳು, ಬಾಗಿಲುಗಳು. ದ್ಯಾಮವ್ವ ಗರ ಬಡಿದವಳಂತೆ ನಿಂತಳು. ಮೇಲೆಲ್ಲೋ ಗುಂಯ್ ಎಂಬ ಸದ್ದು ಹತ್ತಿರವಾಗುತ್ತಿತ್ತು.

"ಈರಪ್ಪಾ, ಗಂಟಿ ಯಾಕ ನಿಲ್ಲಿಸಿದ್ಯೋ?" ಎಂದು ಕೂಗಿದಳು.

ದೂರದಿಂದ ಅವನ ದನಿ ಬಂತು: "ಈಗ ಎಲ್ಲಾ ಕಾಣಸ್ತೈತಲ್ಲ, ಯವ್ವಾ!"

"ನಿನ್ನ ಮನಿ ನಾ ಯಾವಾಗ ನೋಡೀನಿ, ಖೋಡಿ! ಬಾರಸು!"

ಗಂಟೆ ಮತ್ತೆ ಬಡಿಯಿತು. ದ್ಯಾಮವ್ವ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಒಮ್ಮೆಯೂ ಎಡವದೆ ಓಡಿದಳು.

ಕೂಸು ಅತ್ತಾಗ ಕಿಟಕಿ ಮತ್ತೆ ಹೊಗೆಯಿಂದ ಬೆಳ್ಳಗೆ ಮುಚ್ಚಿಹೋಗಿತ್ತು.

"ಹೊರಗ ಹೆಂಗೈತಿ, ಯವ್ವಾ?" ಬಾಣಂತಿ ಕೇಳಿದಳು.

ದ್ಯಾಮವ್ವ ಕಿಟಕಿಯಲ್ಲಿ ಇಣುಕಿ ಬಂದು, ಕೂಸನ್ನು ಅವಳ ಮಗ್ಗುಲಲ್ಲಿ ಮಲಗಿಸಿದಳು.

"ಏನೂ ಕಾಣವಲ್ದು, ತಂಗೀ. ಇನ್ನ ನಿಶ್ಚಿಂತಿ ಮಲಕೋ."