ಸಾಲಿನಲ್ಲಿ ಹನ್ನೊಂದನೆಯವನು

ಗುರುತು ಹಿಡಿಯಲು ಕೊಚ್ಚಿಯ ಜೈಲಿನ ಅಂಗಳದಲ್ಲಿ ಹತ್ತು ಜನರನ್ನು ನಿಲ್ಲಿಸಿದ್ದರು. ಸಾಲಿನ ಕೊನೆಯಲ್ಲಿ ಹನ್ನೊಂದನೆಯವನಾಗಿ ವೇಲಪ್ಪನ್ ನಿಂತಿದ್ದ. ಹೋದ ತಿಂಗಳು ತಿರುವನಂತಪುರದಲ್ಲಿ ಗಲ್ಲಿಗೇರಿದ ಕೊಲೆಗಾರ. ಬ್ಯಾಂಕಿನ ಗುಮಾಸ್ತ ರಘುರಾಮ ಕಣ್ಣಾರೆ ಕಂಡಿದ್ದ: ಮೊನ್ನೆ ಮಟ್ಟಾಂಚೇರಿಯ ಮೆಣಸಿನ ಮಳಿಗೆಯಲ್ಲಿ ತನ್ನ ಗೆಳೆಯ ದಿನಕರನ ಕತ್ತು ಹಿಸುಕಿ ಕೊಂದವನೂ ಇವನೇ. ಆದರೆ ಪೊಲೀಸರು ಹಿಡಿದು ತಂದದ್ದು ಸಾಲಿನಲ್ಲಿ ಮೂರನೆಯವನಾಗಿ ನಿಂತಿದ್ದ ಹಮಾಲಿ ಪೈಲಿಯನ್ನು. ಬಡವನ ಕತ್ತು ಹಗ್ಗಕ್ಕೆ ಸುಲಭವಾಗಿ ಸಿಗುತ್ತದಲ್ಲ!

“ಕೊಂದವನ ಹೆಗಲು ಮುಟ್ಟಿ ತೋರಿಸು ಮಾರಾಯ,” ಎಂದರು ರಘುರಾಮನಂತೆಯೇ ಕಾಸರಗೋಡಿನವರಾದ ಮ್ಯಾಜಿಸ್ಟ್ರೇಟ್ ಸುಬ್ರಾಯರು. “ಇಡೀ ದಿನ ನಿಲ್ಲಿಸ್ಲಿಕ್ಕೆ ಇದೇನು ನಿನ್ನ ಮದುವೆ ದಿಬ್ಬಣವಾ?”

ರಘುರಾಮ ಪೈಲಿಯನ್ನು ದಾಟಿ ಕೊನೆಯವರೆಗೂ ನಡೆದ. ನಗುತ್ತಿದ್ದ ವೇಲಪ್ಪನ್‌ನ ಹೆಗಲ ಮೇಲೆ ಕೈಯಿಟ್ಟ. ಮಂಜುಗಡ್ಡೆ ಮುಟ್ಟಿದಂತಾಯಿತು.

“ಅಲ್ಲಿ ಯಾರಿದ್ದಾರೆ? ಗಾಳಿಯನ್ನು ಗಲ್ಲಿಗೆ ಹಾಕ್ಲಿಕ್ಕುಂಟಾ?” ಸುಬ್ರಾಯರು ಗದರಿದರು.

ವೇಲಪ್ಪನ್ ಆ ಕೈಯನ್ನು ಗಬಕ್ಕನೆ ಹಿಡಿದು ಹಿಸುಕಿದ. ಮೂಳೆ ಲಟಕ್ಕೆಂದಿತು. ರಘುರಾಮನ ಮಣಿಕಟ್ಟಿನಲ್ಲಿ ಐದು ಬೆರಳುಗಳ ಗುಳಿ ಒಂದೊಂದಾಗಿ ಇಳಿಯುವುದನ್ನು ನೋಡುತ್ತಿದ್ದ ಸುಬ್ರಾಯರ ಕೈಯಿಂದ ಪೆನ್ನು ನೆಲಕ್ಕೆ ಬಿತ್ತು.

“ಪೆನ್ನು ಹೆಕ್ಕಿ ಸಾರ್!” ಹಲ್ಲು ಕಚ್ಚಿ ಕಿರುಚಿದ ರಘುರಾಮ. “ಇವನು ನನ್ನ ಕುತ್ತಿಗೆಗೆ ಬರುವ ಮೊದಲು, ಕೊಂದದ್ದು ಪೈಲಿ ಅಲ್ಲ ಅಂತ ಬರೀರಿ!”