ಸೋಲುವುದಕ್ಕೊಂದು ಮೋಸ

“ಮೇಡಂ, ನನ್ನ ಗಂಡ ಆಟದಲ್ಲಿ ಮೋಸ ಮಾಡ್ತಿದ್ದಾರೆ. ದಿನಾ ನನ್ನ ಕೈಲಿ ಸೋಲ್ತಾರೆ!”

ಆನ್‌ಲೈನ್ ಕಾರ್ ರೇಸ್ ನಡೆಸುವ ಕಂಪನಿಯಲ್ಲಿ ಕಳ್ಳಾಟ ಹಿಡಿಯುವುದೇ ಫೋನು ಎತ್ತಿದವಳ ಕೆಲಸ. ಗೆದ್ದವರ ಮೇಲೆ ದೂರು ಬರುವುದು ಮಾಮೂಲು. ಸೋತವರ ಮೇಲೆ ಬಂದದ್ದು ಇದೇ ಮೊದಲು.

“ಸೋತರೆ ನಿಮಗೇ ಒಳ್ಳೇದಲ್ವಾ ಅಮ್ಮಾ?”

“ಹತ್ತೊಂಬತ್ತು ವರ್ಷದಲ್ಲಿ ಒಂದು ಮಾತಿಗೂ ಸೋತ ಮನುಷ್ಯ ಅಲ್ಲ ಇವರು. ಮೇಲಾಗಿ ಡ್ರೈವಿಂಗ್ ಸ್ಕೂಲ್ ಮೇಷ್ಟ್ರು. ನಾನು ಬಟ್ಟೆ ಹೊಲಿಯೋಳು. ಹನ್ನೆರಡು ರೇಸು ಸತತವಾಗಿ ನಾನೇ ಗೆದ್ದಿದೀನಿ ಅಂದ್ರೆ ಎಲ್ಲೋ ಹೊಲಿಗೆ ಬಿಟ್ಟಿದೆ.”

ಅವಳು ಇತ್ತೀಚಿನ ಕೆಲವು ರೇಸುಗಳ ದಾಖಲೆ ತೆಗೆದು ನೋಡಿದಳು. ಕೊನೇ ಸುತ್ತಿನಲ್ಲಿ ಹೆಂಡತಿಯ ಕಾರು ಹತ್ತಿರ ಬಂದದ್ದೇ ತಡ, ಗಂಡನ ಕಾರಿಗೆ ಬ್ರೇಕ್ ಬೀಳುತ್ತಿತ್ತು. ಪ್ರತಿ ಸಲವೂ ಒಂದು ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಮನುಷ್ಯರ ಬೆರಳಿಗೆ ಅಷ್ಟು ಶಿಸ್ತು ಎಲ್ಲಿಂದ ಬರಬೇಕು?

“ನಿಮ್ಮ ಅನುಮಾನ ಸರಿ. ಹೊರಗಿನ ಪ್ರೋಗ್ರಾಂ ಹಾಕಿದ್ದಾರೆ. ಅವರಿಗೆ ಒಂದು ತಿಂಗಳು ಆಟ ಬಂದ್. ಆದರೆ ಅಮ್ಮಾ, ಆ ಗೆಲುವುಗಳೂ ರದ್ದಾಗುತ್ತವೆ. ಶನಿವಾರದ ಫೈನಲ್‌ನಲ್ಲಿ ನಿಮ್ಮ ಹೆಸರು ಇರಲ್ಲ.”

ಆ ಕಡೆ ಫೋನು ಸ್ಪೀಕರಿಗೆ ಬಿತ್ತು. ಆಮೇಲೆ, “ರೀ, ಬನ್ನಿ ಇಲ್ಲಿ!”

ಮೇಷ್ಟ್ರು ಬಂದು ಗಂಟಲು ಸರಿಮಾಡಿಕೊಂಡರು. “ನಾನೇ ಹಾಕಿದ್ದು ಮೇಡಂ. ಗೆಲ್ಲೋಕೆ ಅಂತ ಯಾರೋ ಮಾಡಿದ ಹ್ಯಾಕು. ನಾನು ಉಲ್ಟಾ ತಿರುಗಿಸಿದೆ.”

“ಸುಮ್ಮನೆ ನಿಧಾನಕ್ಕೆ ಓಡಿಸಿ ಸೋಲಬಹುದಿತ್ತಲ್ಲ?”

“ಹಾಗೂ ಮಾಡಿ ನೋಡಿದೆ ಮೇಡಂ. ಇವಳು ಪಕ್ಕಕ್ಕೆ ಬಂದ್ರೆ ಸಾಕು, ನನ್ನ ಬೆರಳು ನನ್ನ ಮಾತೇ ಕೇಳಲ್ಲ, ವೇಗ ಏರಿಸಿಬಿಡುತ್ತೆ.” ಅವರ ದನಿ ಇಳಿಯಿತು. “ಲೈಸೆನ್ಸ್ ಪರೀಕ್ಷೆಯಲ್ಲಿ ಮೂರು ಸಲ ಫೇಲಾದಳು. ಕಲಿಸಿದವನೂ ನಾನೇ, ಕೂಗಾಡಿ ಕೆಡಿಸಿದವನೂ ನಾನೇ. ಆಮೇಲೆ ಸ್ಟೀರಿಂಗ್ ಮುಟ್ಟಲೇ ಇಲ್ಲ. ಈ ಆಟದಲ್ಲಿ ಮೊದಲ ಸಲ ನನ್ನ ಸೋಲಿಸಿದಾಗ ಎಷ್ಟು ನಕ್ಕಳು ಗೊತ್ತಾ? ಆ ನಗು ದಿನಾ ಬೇಕು ಅನ್ನಿಸ್ತು.”

“ಆ ಮೊದಲನೇದೂ ನಿಮ್ಮ ಹ್ಯಾಕೇನಾ?” ಹೆಂಡತಿಯ ದನಿ ಕತ್ತರಿಯ ಹಾಗಿತ್ತು.

“ಇಲ್ಲ ಕಣೇ, ನಿನ್ನಾಣೆ! ಅವತ್ತು ನೀನೇ ಗೆದ್ದದ್ದು.”

“ನಿಮ್ಮ ಆಣೆ ನಿಮ್ಮ ಹತ್ರಾನೇ ಇರಲಿ. ಮೇಡಂ, ನೀವು ನೋಡಿ ಹೇಳಿ.”

ಅವಳು ಆ ದಿನದ ದಾಖಲೆಯನ್ನು ಎರಡೆರಡು ಸಲ ಜಾಲಾಡಿದಳು. “ಅಪ್ಪಟ ಗೆಲುವು ಅಮ್ಮಾ. ಅವರು ಪೂರ್ತಿ ವೇಗದಲ್ಲೇ ಇದ್ದರು. ಕೊನೇ ತಿರುವಿನಲ್ಲಿ ನೀವು ಒಳಗಿನಿಂದ ನುಗ್ಗಿ ಹಿಂದೆ ಹಾಕಿದ್ದೀರಿ.”

“ಹಾಗಾದ್ರೆ ಅದೊಂದು ಉಳಿಸಿ. ಮಿಕ್ಕ ಹನ್ನೊಂದೂ ಅಳಿಸಿಬಿಡಿ.”

ಫೋನು ಮೇಜಿನ ಮೇಲೆ ಕೂತ ಸದ್ದಾಯಿತು. ಕರೆ ಕಟ್ಟಾಗಿರಲಿಲ್ಲ. ಡ್ರಾಯರ್ ಎಳೆದದ್ದು, ಕೀಲಿಗೊಂಚಲು ಕುಣಿದದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು.

“ಏಯ್, ಅದು ಸ್ಕೂಲಿನ ಕಾರು ಕಣೇ!” ಮೇಷ್ಟ್ರು ಬಡಬಡಿಸಿದರು.

“ಗೊತ್ತು. ಪಕ್ಕದ ಸೀಟಲ್ಲಿ ಕೂತ್ಕೊಳ್ಳಿ ಬನ್ನಿ. ಬೆಲ್ಟ್ ಹಾಕ್ಕೊಳ್ಳಿ. ಬಾಯಿಗೂ ಒಂದು ಹಾಕ್ಕೊಳ್ಳಿ.”