ಡಾಕ್ಟರ ಮೇಲೊಂದು ದೂರು

"ಸಹಿ ಎಲ್ಲಿ?" ಗುಮಾಸ್ತ ಮತ್ತೆ ಅದನ್ನೇ ಕೇಳಿದ.

ರೈತ ಕೈಚೀಲವನ್ನು ಕೌಂಟರಿನ ಮೇಲೆ ಸುರಿದ. ಹಸುಗಳ ಕಿವಿಗೆ ಸರ್ಕಾರವೇ ಚುಚ್ಚಿಸಿದ್ದ ಹದಿನಾಲ್ಕು ಹಳದಿ ಓಲೆಗಳು. ಹದಿನಾಲ್ಕು ಹಸುಗಳೂ ರೋಗ ತಗಲಿ ಒಂದೇ ವಾರದಲ್ಲಿ ಮಣ್ಣು ಸೇರಿದ್ದವು.

"ಇವೇನು ನಾನು ಅಂಗಡೀಲಿ ಕೊಂಡು ತಂದಿದ್ದಾ?"

"ಓಲೆ ಸಾಕಾಗಲ್ಲ ಯಜಮಾನ್ರೆ. ಸತ್ತಿದ್ದು ನಿಜ ಅಂತ ದನದ ಡಾಕ್ಟ್ರು ಸಹಿ ಹಾಕ್ಬೇಕು."

ಬಾಗಿಲ ಮೇಲೆ 'ತುರ್ತು ಪರಿಹಾರ' ಎಂಬ ಬೋರ್ಡಿತ್ತು. ತುರ್ತು ಇದ್ದದ್ದು ಬೋರ್ಡಿನಲ್ಲಿ ಮಾತ್ರ. ನಿಂತು ನಿಂತು ರೈತನಿಗೆ ಗೋಡೆಯ ಮೇಲಿನ ನಿಯಮಗಳೆಲ್ಲ ಬಾಯಿಪಾಠವಾಗಿದ್ದವು. ಅರ್ಜಿ ಮೂರು ಪ್ರತಿ ಇರಬೇಕು. ಓಲೆ ಕಳೆದರೆ ಪರಿಹಾರವಿಲ್ಲ. ಸಂಬಂಧಿಕರ ಅರ್ಜಿಗೆ ಯಾವ ಅಧಿಕಾರಿಯೂ ಸಹಿ ಹಾಕಬಾರದು. ಕೌಂಟರಿಗೆ ಒರಗಬಾರದು. ಕಡೆಯ ದಿನ ಶುಕ್ರವಾರ.

ಇವತ್ತು ಮಂಗಳವಾರ. ಶುಕ್ರವಾರ ದಾಟಿದರೆ ಅವನ ಕೊಟ್ಟಿಗೆಗೆ ಮತ್ತೆ ಹಸು ಬರುವುದಿಲ್ಲ. ಹಾಲು ಕರೆಯುವುದು ಬಿಟ್ಟು ಬೇರೆ ಕಸುಬು ಅವನಿಗೆ ಗೊತ್ತಿಲ್ಲ.

"ಡಾಕ್ಟ್ರು ಹಾಕಲ್ಲ ಅಂತಾರೆ."

ಗುಮಾಸ್ತ ಆ ಊರಿಗೆ ವರ್ಗವಾಗಿ ಬಂದು ಹತ್ತು ದಿನವಾಗಿತ್ತಷ್ಟೆ. ಕಡತ ತಿರುವಿದ. "ಅಕ್ಕಪಕ್ಕದವರಿಗೆಲ್ಲ ಹಾಕಿದಾರಲ್ರೀ! ನಿಮ್ಮೊಬ್ಬರ ಮೇಲೆ ಏನು ಹಗೆ?"

"ಅವರನ್ನೇ ಕೇಳಿ."

ಸಾಲಿನಲ್ಲಿದ್ದ ನೆರೆಯವರು ನೆಲ ನೋಡಿದರು.

"ಬೇರೆ ಡಾಕ್ಟ್ರನ್ನ ಕಳಿಸಿ ಅಂತ ಮೇಲಿನ ಕಚೇರಿಗೆ ನಾಲ್ಕು ಪತ್ರ ಹೋಗಿದೆ. ಒಂದಕ್ಕೂ ಉತ್ತರ ಇಲ್ಲ," ಎಂದ ರೈತ.

"ಪತ್ರಕ್ಕೆಲ್ಲ ಅವರು ಅಲ್ಲಾಡ್ತಾರಾ? ದೂರು ಕೊಡಿ. ಡಾಕ್ಟ್ರ ಮೇಲೆ ದೂರು ಬಂದ್ರೆ ಎರಡೇ ದಿನದಲ್ಲಿ ಬೇರೆಯವರನ್ನ ಕಳಿಸ್ಲೇಬೇಕು."

ರೈತ ಜೇಬಿಗೆ ಕೈ ಹಾಕಿದ. ಸ್ವಲ್ಪ ಹೊತ್ತು ಕೈ ಅಲ್ಲೇ ಉಳಿಯಿತು. ಕೊನೆಗೆ ಮಡಿಸಿದ ಹಾಳೆಯೊಂದು ಹೊರಬಂತು.

"ಓಹೋ, ತಯಾರಾಗೇ ಬಂದಿದೀರಿ!" ಗುಮಾಸ್ತ ಓದಿದ. "ಕರ್ತವ್ಯಲೋಪ, ಉಡಾಫೆ, ದುರಹಂಕಾರ... ಭಲೇ! ಯಾರು ಬರೆದಿದ್ದು?"

"ಮನೇಲಿ ಓದಿದವರಿದಾರೆ."

"ಇಷ್ಟು ಸಾಕು. ಈ ವರ್ಷ ಬರಬೇಕಾಗಿದ್ದ ಬಡ್ತಿ ಗೋತಾ. ಡಾಕ್ಟ್ರ ಸೊಕ್ಕು ಇಳೀಲಿ."

"ಬಾಯಿಗೆ ಬಂದಂಗೆ ಮಾತಾಡ್ಬೇಡಿ!" ರೈತ ಗದರಿದ. ಗುಮಾಸ್ತ ಕಕ್ಕಾಬಿಕ್ಕಿಯಾದ.

"ಪೆನ್ನು ಕೊಡಿ ಸ್ವಾಮಿ. ದುರಹಂಕಾರ ಅನ್ನೋದನ್ನ ಹೊಡೆದುಹಾಕ್ತೀನಿ."

"ತಿದ್ದಿದ್ರೆ ದೂರು ನಡೆಯಲ್ಲ. ಹಾಗೇ ಕೊಡ್ತೀರೋ, ವಾಪಸ್ ಒಯ್ತೀರೋ?"

ರೈತ ಓಲೆಗಳನ್ನು ನೋಡಿದ. ಈ ಕಚೇರಿಗೆ ಬೆಂಕಿ ಹಚ್ಚಬೇಕೆನಿಸಿತು. ಹಾಳೆಯನ್ನು ಮುಂದಕ್ಕೆ ತಳ್ಳಿದ. ಗುಮಾಸ್ತ ಧಡ್ ಎಂದು ಮೊಹರು ಒತ್ತಿದ.

ಮನೆ ಸೇರುವಾಗ ಸಂಜೆಯಾಗಿತ್ತು. ಮಗಳು ಆಗಷ್ಟೇ ಕೆಲಸದಿಂದ ಬಂದಿದ್ದಳು. ಖಾಲಿ ಕೊಟ್ಟಿಗೆಯ ಮೆಟ್ಟಿಲ ಮೇಲೆ ಕೂತು, ರಬ್ಬರ್ ಬೂಟಿಗೆ ಮೆತ್ತಿದ್ದ ಊರವರ ಕೊಟ್ಟಿಗೆಗಳ ಸಗಣಿಯನ್ನು ಕೆರೆಯುತ್ತಿದ್ದಳು. ಹೆಜ್ಜೆಯ ಸದ್ದು ಕೇಳಿಯೂ ಅವಳು ತಲೆ ಎತ್ತಲಿಲ್ಲ.

"ನನ್ನ ಮೇಲಿನ ದೂರು ಕೊಟ್ಯಾ ಅಪ್ಪಾ? ನಾನು ಬರೆದಿದ್ರಲ್ಲಿ ಏನೂ ಹೊಡೆದುಹಾಕ್ಲಿಲ್ಲ ತಾನೆ?"